ರೈನೊ ಹಕಾಲನ ಕುಣಿಕೆ ಪ್ರಸಂಗ

ರೈನೊ ಹಕಾಲ ಯಾವುದಕ್ಕೆ ಹೆದರುತ್ತಿರಲಿಲ್ಲ ಎಂದು ಪಟ್ಟಿ ಮಾಡುವುದು ಸುಲಭ. ಬಿಸಿ ಕಾಫಿ, ಅವನ ಹಳೆಯ ಉಣ್ಣೆ ಟೋಪಿ, ಭಾನುವಾರದ ಪತ್ರಿಕೆ. ಪಟ್ಟಿ ಮುಗಿಯಿತು. ಉಳಿದದ್ದಕ್ಕೆಲ್ಲ ಅವನು ಹೆದರುತ್ತಿದ್ದ: ಗುಡುಗಿಗೆ, ಜಿಂಕೆಗೆ, ಹೆಂಡತಿಯ ತಮ್ಮನಿಗೆ, ಐದಡಿಗಿಂತ ಆಳವಾದ ನೀರಿಗೆ. ನಾನು ಟಾಮರಾಕ್ ಊರಿನ ಕ್ಷೌರಿಕ. ಇಪ್ಪತ್ತೆರಡು ವರ್ಷದಿಂದ ಅವನ ಕೂದಲು ಕತ್ತರಿಸುತ್ತಿದ್ದೇನೆ. ಇವತ್ತಿಗೂ ಕತ್ತರಿ ಕಿವಿಯ ಹತ್ತಿರ ಬಂದರೆ ಕಣ್ಣು ಮುಚ್ಚಿಕೊಂಡು, "ಏನಾದ್ರೂ ಆದ್ರೆ ಐಲಿಗೆ ನಿಧಾನಕ್ಕೆ ಹೇಳು" ಎನ್ನುತ್ತಾನೆ. ಐಲಿ ಅವನ ಹೆಂಡತಿ.

ಊರಿನ ಕಚೇರಿಯಲ್ಲಿ ನಾಯಿಗಳಿಗೆ ಲೈಸೆನ್ಸು ಬರೆದುಕೊಡುವುದು ಅವನ ಕೆಲಸ. ನಾಯಿಗಳಿಗೂ ಹೆದರುತ್ತಿದ್ದನಾದ್ದರಿಂದ ನಾಯಿಯನ್ನು ಹೊರಗೆ ಕಟ್ಟಿ ಅದರ ವರ್ಣನೆಯನ್ನು ಮಾತ್ರ ಒಳಗೆ ತರಬೇಕೆಂಬ ನಿಯಮ ಮಾಡಿದ್ದ.

ಇಂಥ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ ನೆಮ್ಮದಿಯಾಗಿರುತ್ತಿದ್ದ. ಆದರೆ ಅವನಿಗೆ ಎಲ್ಲಕ್ಕಿಂತ ಹೆಚ್ಚಿನ ಭಯ ಮೌನದ್ದು. ನಾಲ್ಕು ಜನ ಒಟ್ಟಿಗೆ ಸುಮ್ಮನಾದರೆ ಸಾಕು, ಏನೋ ಅನಾಹುತವಾಗಲಿದೆ ಎಂದು ಎದೆ ಹೊಡೆದುಕೊಂಡು ಬಾಯಿಗೆ ಬಂದದ್ದನ್ನು ಆಡಿಬಿಡುತ್ತಿದ್ದ. ಜೂನ್ ತಿಂಗಳ ಮೊದಲ ಸೋಮವಾರ ಆದದ್ದೂ ಅದೇ.

ಅಂದು ಅವನು ನಾಯಿ ಲೈಸೆನ್ಸಿನ ನೋಟೀಸು ಅಂಟಿಸಲು ಹ್ಯೂಗೊ ಪೆಲ್ಟೊನ ಗಾಳದಂಗಡಿಗೆ ಹೋಗಿದ್ದ. ಹ್ಯೂಗೊಗೆ ಎಪ್ಪತ್ತೆಂಟು. ಒಂದು ಕಾಲಕ್ಕೆ ಬಲೆ ಹೆಣೆಯುವುದರಲ್ಲಿ ನಮ್ಮ ಕಡೆ ಅವನನ್ನು ಮೀರಿಸುವವರಿರಲಿಲ್ಲ. ಈಗ ಸಂಧಿವಾತದಿಂದ ಬೆರಳುಗಳು ಶುಂಠಿಯ ಬೇರಿನಂತೆ ತಿರುಚಿಕೊಂಡಿವೆ. ಊರೆಲ್ಲ ಅವನನ್ನು ತಾತ ಎನ್ನುತ್ತದೆ. ಅಂಗಡಿಯಲ್ಲಿ ನಾನಿದ್ದೆ, ಇನ್ನಿಬ್ಬರು ಗಿರಾಕಿಗಳಿದ್ದರು. ಆ ಹೊತ್ತಿಗೆ ಬಾಗಿಲು ತುಂಬಿಕೊಂಡು ಗಾರ್ತ್ ಟ್ರೆವಿಲ್ ಒಳಗೆ ಬಂದ.

ಗಾರ್ತ್ ಮರ ಕಡಿಸುವ ಗುತ್ತಿಗೆದಾರ. ಆರಡಿ ನಾಲ್ಕಂಗುಲ ಎತ್ತರ. ಕುತ್ತಿಗೆ ಎಂಬ ಅಂಗವನ್ನು ದೇವರು ಅವನಿಗೆ ಕೊಟ್ಟಿಲ್ಲ. ನಕ್ಕಿದ್ದನ್ನು ಯಾರೂ ಕಂಡಿಲ್ಲ. ಹೋದ ಶರತ್ಕಾಲದಲ್ಲಿ ಅವನ ಗಾಳಕ್ಕೆ ನಾಲ್ಕೂವರೆ ಅಡಿಯ ಮಸ್ಕಿ ಮೀನು ಸಿಕ್ಕಿ, ದೋಣಿಯ ಪಕ್ಕಕ್ಕೆ ಬಂದ ಮೇಲೆ ಗಂಟು ಬಿಚ್ಚಿಕೊಂಡು ಹೊರಟುಹೋಗಿತ್ತು. ಆ ದಿನ ಅವನ ಜೊತೆ ದೋಣಿಯಲ್ಲಿದ್ದವನು ಲೆಸ್ಟರ್ ಎಂಬಾತ. ಮರುದಿನ ಬೆಳಿಗ್ಗೆ ಲೆಸ್ಟರ್ ಊರಲ್ಲಿರಲಿಲ್ಲ. ಆಮೇಲೂ ಯಾರೂ ಅವನನ್ನು ನೋಡಲಿಲ್ಲ. ನಮ್ಮೂರಿನ ಹರ್ಮನ್ ಸರೋವರ ಎಷ್ಟು ಆಳವೆಂದು ಸರಿಯಾಗಿ ಅಳೆದವರಿಲ್ಲ. ನಾವು ಯಾರೂ ಏನನ್ನೂ ಹೇಳುತ್ತಿರಲಿಲ್ಲ, ಲೆಸ್ಟರ್ ಎನ್ನುತ್ತಿದ್ದೆವು, ಆಮೇಲೆ ಸರೋವರದ ಕಡೆ ನೋಡುತ್ತಿದ್ದೆವು, ಅಷ್ಟೆ.

ಗಾರ್ತ್ ಒಂದು ಹುಸಿಮೀನನ್ನು ಮೇಜಿನ ಮೇಲೆ ಇಟ್ಟ. ದೊಡ್ಡ ಮೀನನ್ನು ಸೆಳೆಯಲು ಮರದಲ್ಲಿ ಕೆತ್ತಿ, ಬಣ್ಣ ಬಳಿದು, ಹೊಟ್ಟೆಗೆ ಕೊಕ್ಕೆ ಸಿಗಿಸಿದ, ಗೇಣುದ್ದದ ಹುಸಿಮೀನು.

"ನೀರಲ್ಲಿ ಎಳೆದ್ರೆ ಸತ್ತ ಕಟ್ಟಿಗೆ ಥರ ಬರುತ್ತೆ" ಎಂದ. "ಯಾಕೆ?"

ಯಾರೂ ಮಾತಾಡಲಿಲ್ಲ. ಗಾರ್ತ್‌ಗೆ ತಪ್ಪು ಉತ್ತರ ಕೊಡುವ ಧೈರ್ಯ ನಮಗಿರಲಿಲ್ಲ, ಸರಿ ಉತ್ತರ ಕೊಡುವ ಧೈರ್ಯ ಮೊದಲೇ ಇರಲಿಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ರೈನೊನ ಹಣೆ ಬೆವರಿತು.

"ಪಾಪ, ಮೂಗಿಗೆ ಅಷ್ಟು ಬಿಗಿಯಾಗಿ ಗಂಟು ಹಾಕಿದ್ರೆ ಅದು ಹೇಗೆ ತಲೆ ಅಲ್ಲಾಡಿಸ್ಬೇಕು?" ಎಂದುಬಿಟ್ಟ.

ಗಾರ್ತ್ ತಿರುಗಿದ. ಕುತ್ತಿಗೆ ಇಲ್ಲವಾದ್ದರಿಂದ ಇಡೀ ದೇಹ ತಿರುಗಬೇಕಾಯಿತು.

"ಮತ್ತೆ ಹೇಗೆ ಕಟ್ಬೇಕು?"

"ಕುಣಿಕೆ" ಎಂದ ರೈನೊ. ಆ ಮಾತು ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ. ಎದುರಿಗೆ ತೂಗುಹಾಕಿದ್ದ ದಾರದ ಪೊಟ್ಟಣದ ಹಿಂಬದಿಯಿಂದ ಓದಿದ್ದಿರಬೇಕು. "ಕುಣಿಕೆ ಹಾಕಿದ್ರೆ ಅದಕ್ಕೆ ಆಡೋಕೆ ಜಾಗ ಸಿಗುತ್ತೆ. ನಾವೆಲ್ಲ ಯಾವಾಗ್ಲೂ ಹಾಗೇ ಮಾಡೋದು."

"ನಾವೆಲ್ಲ" ಎಂದರೆ ಯಾರು ಎಂದು ನನಗೆ ಕೇಳಬೇಕೆನಿಸಿತು. ಜೀವನದಲ್ಲಿ ಒಂದು ಮೀನೂ ಹಿಡಿಯದ, ಗಂಟು ಹಾಕಬೇಕಾಗುತ್ತದೆಂದು ದಾರವಿಲ್ಲದ ಬೂಟು ತೊಡುವ ಮನುಷ್ಯ ಅವನು.

ಗಾರ್ತ್ ಹ್ಯೂಗೊನ ಕಡೆ ನೋಡಿದ. ಹ್ಯೂಗೊ ತಾತ, "ಅವನು ಹೇಳಿದ್ದು ಸರಿ" ಎಂದ. ಸರಿಯೇ ಆಗಿತ್ತು, ಅದೇ ದುರದೃಷ್ಟ.

"ಶನಿವಾರದಿಂದ ಮಸ್ಕಿ ಹಿಡಿಯೋ ಕಾಲ ಶುರು" ಎಂದ ಗಾರ್ತ್. "ಬೆಳಿಗ್ಗೆ ನನ್ನ ದೋಣಿಗೆ ಬಾ. ಕುಣಿಕೆ ನೀನೇ ಹಾಕ್ಬೇಕು."

"ನಾನಾ? ಬಿಚ್ಕೊಂಡ್ರೆ?"

ಗಾರ್ತ್ ಹುಸಿಮೀನನ್ನು ಎತ್ತಿಕೊಂಡ. "ಬಿಚ್ಕೋಬಾರ್ದು" ಎಂದು ಹೊರಟುಹೋದ.

ರೈನೊ ಹುಳುಗಳ ಡಬ್ಬಗಳ ಮೇಲೆ ಕುಸಿದು ಕೂತ. "ತಾತಾ, ಲೆಸ್ಟರ್‌ಗೆ ಏನಾಯ್ತು?"

ಹ್ಯೂಗೊ ತಾತ ಸರೋವರದ ಕಡೆ ನೋಡಿದ.

ಆಮೇಲೆ ಕರುಣೆಯಿಂದ ಪಾಠ ಶುರುಮಾಡಿದ. ಅವನ ಕೈಯಲ್ಲಿ ಕಟ್ಟಿ ತೋರಿಸಲು ಆಗದು, ಬಾಯಲ್ಲೇ ಹೇಳಬೇಕು. "ನೋಡು ಮಗಾ, ಕುಣಿಕೆಲಿ ಬೇಕಾದಷ್ಟು ಜಾತಿ. ಒಂದು ಕಟ್ಟೋಕೆ ಸುಲಭ, ಆದ್ರೆ ದೊಡ್ಡ ಮೀನು ಜಗ್ಗಿದ್ರೆ ಜಾರಿ ಬಿಗಿಯಾಗುತ್ತೆ, ಕುಣಿಕೆ ಹೋಗಿ ಗಂಟಾಗುತ್ತೆ. ಇನ್ನೊಂದು ಜಾರಲ್ಲ, ನೋಡೋಕೂ ಲಕ್ಷಣ, ಆದ್ರೆ ಮೊದ್ಲೇ ಕಟ್ಟಿಟ್ಕೊಂಡಿರ್ಬೇಕು, ಇಷ್ಟು ದೊಡ್ಡ ಹುಸಿಮೀನಿಗೆ ಒಗ್ಗಲ್ಲ. ನಿಂಗೆ ಬೇಕಾಗಿರೋದು ಮೂರನೇದು. ತುದಿಯಿಂದ ಒಂದು ಗೇಣು ಬಿಟ್ಟು ಸಡಿಲವಾಗಿ ಒಂದು ಗಂಟು. ತುದೀನ ಹುಸಿಮೀನಿನ ಮೂಗಿನ ಉಂಗುರಕ್ಕೆ ಪೋಣಿಸಿ ಅದೇ ಗಂಟಿನೊಳಗೆ ವಾಪಸ್. ಆಮೇಲೆ ಉದ್ದದ ದಾರಕ್ಕೆ ಸುತ್ತು. ತೆಳು ದಾರಕ್ಕೆ ಏಳು, ದಪ್ಪದಕ್ಕೆ ಮೂರೇ. ಮತ್ತೆ ಗಂಟಿನೊಳಗೆ ತೂರಿಸು, ಎಂಜಲು ಹಚ್ಚು, ಎಳಿ."

"ಎಲ್ಲಿ ತಪ್ಪಾಗುತ್ತೆ?"

"ಎಲ್ಲಾ ಕಡೆ. ಮುಖ್ಯ ಅಂದ್ರೆ ಕೊನೇಲಿ ತೂರಿಸೋವಾಗ. ದಾರ ಯಾವ ಬದಿಯಿಂದ ಆಚೆ ಬಂದಿತ್ತೋ ಅದೇ ಬದಿಯಿಂದ ಒಳಗೆ ಹೋಗ್ಬೇಕು. ಇನ್ನೊಂದು ಬದಿಯಿಂದ ಹೋದ್ರೆ ನೋಡೋಕೆ ಹಾಗೇ ಇರುತ್ತೆ, ಆದ್ರೆ ಗಟ್ಟಿ ಇರಲ್ಲ. ಕುಣಿಕೆ ಬಟಾಣಿ ಹಿಡಿಯೋಷ್ಟಿರ್ಲಿ, ದೊಡ್ಡದಾದ್ರೆ ಕೊಕ್ಕೆಗೆ ಸಿಕ್ಕಿಕೊಳ್ಳುತ್ತೆ. ಮೊದ್ಲು ಹೆಬ್ಬೆರಳು ಗಾತ್ರದ ಹಗ್ಗದಲ್ಲಿ ಕಲಿ. ಸುತ್ತು ಕಣ್ಣಿಗೆ ಕಾಣುತ್ತೆ."

ಹೀಗೆ ರೈನೊ ಹನ್ನೆರಡು ಅಡಿ ಹಗ್ಗ ಹೆಗಲಿಗೆ ಹಾಕಿಕೊಂಡು, ಸುಣ್ಣದಂಥ ಮುಖ ಮಾಡಿಕೊಂಡು, ಊರ ನಡುಬೀದಿಯಲ್ಲಿ ಮನೆಗೆ ನಡೆದ. ಐಲಿಗೆ ಏನೂ ಹೇಳಲಿಲ್ಲ. ಹೆದರಿದಾಗ ಬಾಯಿ ತೆರೆಯಬೇಡ ಎಂದು ಅವಳು ಮದುವೆಯಾದ ದಿನದಿಂದ ಹೇಳುತ್ತಿದ್ದಳು. ಮತ್ತೆ ತೆರೆದೆ ಎಂದು ಒಪ್ಪಿಕೊಳ್ಳಲು ಅವನಿಗೆ ನಾಚಿಕೆ.

ಅಂದು ಸಂಜೆ ಪಕ್ಕದ ಮನೆಯ ಇಂಪಿ ಕೇಕಿನ ತಟ್ಟೆ ಹಿಂತಿರುಗಿಸಲು ಬಂದವಳು ಗ್ಯಾರೇಜಿನ ಕಿಟಕಿಯಲ್ಲಿ ಇಣುಕಿದಳು. ಇಂಪಿ ವಿಧವೆ, ಎಪ್ಪತ್ತು ದಾಟಿದವಳು, ಒಳ್ಳೆಯವಳು. ಅವಳ ಒಳ್ಳೆಯತನ ಟೆಲಿಫೋನಿನ ಮೂಲಕ ಹರಿಯುತ್ತದೆ. ಅವಳು ಕಂಡದ್ದಿಷ್ಟು: ರೈನೊ ಬಕೆಟ್ಟಿನ ಮೇಲೆ ಕೂತಿದ್ದಾನೆ, ಹಗ್ಗದ ಒಂದು ತುದಿಯನ್ನು ಕೆಲಸದ ಮೇಜಿನ ಕಾಲಿಗೆ ಕಟ್ಟಿದ್ದಾನೆ, ಇನ್ನೊಂದು ತುದಿಯಲ್ಲಿ ತಲೆ ಹಿಡಿಸುವಷ್ಟು ದೊಡ್ಡ ಕುಣಿಕೆ.

ಅವಳು ಕೇಳಿದ್ದು ಇನ್ನೂ ಕಡಿಮೆ. "ದೊಡ್ಡದಾಯ್ತು" ಎಂದು ರೈನೊ ಗೊಣಗಿದ. "ಸರಿಯಾಗಿ ಬಿಗಿಯಾಗ್ತಿಲ್ಲ. ದೇವರೇ, ಶನಿವಾರಕ್ಕೆ ಎಲ್ಲಾ ಮುಗಿದುಹೋಗುತ್ತೆ."

ಕೇಕಿನ ತಟ್ಟೆ ಅಲ್ಲೇ ಹುಲ್ಲಿನ ಮೇಲೆ ಬಿತ್ತು.

ಇಂಪಿ ಪಾದ್ರಿ ಎಂಗ್‌ಸ್ಟ್ರಾಮರಿಗೆ ಫೋನು ಮಾಡಿದಳು. ಪಾದ್ರಿಗಳು ಐಲಿಯನ್ನು ಕರೆಸಿ ಮಾತಾಡಿದರು. ಐಲಿ ಅತ್ತಳು. ಅವಳ ತಮ್ಮ ಆರ್ವಿಡ್ ಪೊಲೀಸು, ಅವನಿಗೆ ಸುದ್ದಿ ಹೋಯಿತು. ಮರುದಿನ ಹನ್ನೊಂದು ಗಂಟೆಗೆ ನನ್ನ ಕುರ್ಚಿಗೂ ಬಂತು. ಆ ಹೊತ್ತಿಗೆ ಹಗ್ಗ, ಕುಣಿಕೆ ಎಲ್ಲ ಉದುರಿ, ರೈನೊ ಪ್ರಾಣ ಕಳೆದುಕೊಳ್ಳಲಿದ್ದಾನೆ ಎಂಬುದಷ್ಟೇ ಉಳಿದಿತ್ತು, ಗಾಳದಂಗಡಿಯಲ್ಲಿದ್ದ ನಾವೂ ಗಾರ್ತ್‌ನ ಭಯಕ್ಕೇ ಇರಬೇಕೆಂದು ನಂಬಿದೆವು. ಪಾದ್ರಿಗಳ ಸಲಹೆ ಏನೆಂದರೆ, ನೇರವಾಗಿ ಕೇಳಬೇಡಿ, ಅವನಿಗೆ ನೋವಾದೀತು, ಪ್ರೀತಿಯಿಂದ ನೋಡಿಕೊಳ್ಳಿ ಸಾಕು. ನೇರವಾಗಿ ಒಂದು ಮಾತು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಎಲ್ಲ ಬಗೆಹರಿಯುತ್ತಿತ್ತು. ಪಾದ್ರಿಗಳೇ ಆಮೇಲೆ ಎರಡು ಭಾನುವಾರ ಪ್ರವಚನದಲ್ಲಿ ತಮ್ಮ ತಪ್ಪು ಒಪ್ಪಿಕೊಂಡರು. ಆದರೆ ಆ ವಾರ ನಮಗೆಲ್ಲ ಅದು ಬಹಳ ಸೂಕ್ಷ್ಮವಾದ ಸಲಹೆಯೆಂದು ತೋರಿತು.

ಮಂಗಳವಾರ ರೈನೊ ಕಚೇರಿಗೆ ಹೋದಾಗ ಮೇಲಧಿಕಾರಿ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಹದಿನೆಂಟು ವರ್ಷದಲ್ಲಿ ಹಾಗಾಗಿರಲಿಲ್ಲ.

"ಹಕಾಲ, ನಿನ್ನ ಜಾಗಕ್ಕೆ ಬೇರೆ ಯಾರೂ ಬರೋಕೆ ಆಗಲ್ಲ. ಇದನ್ನ ನಿನಗೆ ಮುಂಚೇನೇ ಹೇಳ್ಬೇಕಿತ್ತು."

ರೈನೊ ಕೈ ಬಿಡಿಸಿಕೊಳ್ಳಲು ನೋಡಿದ. "ಬೇರೆ ಯಾರು ಯಾಕೆ ಬರ್ಬೇಕು, ಸಾರ್?"

"ಬರಲ್ಲ, ಬರಲ್ಲ. ಬೇಕಾದ್ರೆ ಶನಿವಾರದ ತನಕ ರಜ ತಗೋ."

"ಶನಿವಾರದ ತನಕ" ಎಂಬ ಮಾತೇ ರೈನೊಗೆ ಸಾಕಾಯಿತು. ಓಹೋ, ಊರಿಗೆಲ್ಲ ಗೊತ್ತಾಗಿದೆ ಎಂದುಕೊಂಡ. ಗಾರ್ತ್ ಏನು ಮಾಡುತ್ತಾನೆಂದು ಇವರಿಗೆಲ್ಲ ಗೊತ್ತು. ತಡೆಯುವ ಧೈರ್ಯವಿಲ್ಲ, ಬೀಳ್ಕೊಡುತ್ತಿದ್ದಾರೆ.

ಆ ಕ್ಷಣದಿಂದ ನಾವು ತೋರಿಸಿದ ಒಂದೊಂದು ಪ್ರೀತಿಯೂ ಅವನಿಗೆ ಶವಪೆಟ್ಟಿಗೆಯ ಮೊಳೆಯಾಯಿತು. ಬೀದಿಯಲ್ಲಿ ಜನ ಟೋಪಿ ತೆಗೆದು ನಮಸ್ಕರಿಸಿದರು. ಅವನು ಹೆದರಿ ಓಡಿದ. ಇಂಪಿ ದಿನಕ್ಕೆ ಎರಡು ಸಲ ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ತಂದುಕೊಟ್ಟು, ಅವನು ತಿನ್ನುವವರೆಗೂ ನಿಂತು ನೋಡಿ ಮೂಗು ಒರೆಸಿಕೊಂಡಳು. ನಾನೂ ಕಡಿಮೆಯೇನಲ್ಲ. ಬುಧವಾರ ಅವನ ಕೂದಲು ಕತ್ತರಿಸಿ, "ಇವತ್ತು ಹಾಗೇ ಹೋಗಯ್ಯಾ, ನಿನ್ನಿಂದ ದುಡ್ಡು ತಗೊಳ್ಳೋಕೆ ಮನಸ್ಸು ಬರಲ್ಲ" ಎಂದೆ. ಅವನು ಕನ್ನಡಿಯಲ್ಲಿ ತನ್ನನ್ನೇ ಕೊನೆಯ ಸಲವೆಂಬಂತೆ ನೋಡಿಕೊಂಡ.

ಅಂದು ಸಂಜೆ ಆರ್ವಿಡ್ ಗ್ಯಾರೇಜಿಗೆ ನುಗ್ಗಿದ.

"ಭಾವ, ಈ ಹಗ್ಗ ನನಗೆ ಬೇಕು."

"ಬೇಡ ಆರ್ವಿಡ್! ನನಗೆ ಅದು ಬೇಕೇ ಬೇಕು!"

"ಯಾವುದಕ್ಕೆ?" ಆರ್ವಿಡ್ ಹಗ್ಗವನ್ನು ಎದೆಗವಚಿಕೊಂಡ.

"ಶನಿವಾರಕ್ಕೆ!"

ಆರ್ವಿಡ್ ಆರಡಿ ಎತ್ತರದ ಪೊಲೀಸು. ಕರಡಿಯ ಎದುರು ನಿಂತವನು. ಭಾವನನ್ನು ಅಪ್ಪಿಕೊಂಡು ಅತ್ತುಬಿಟ್ಟ. ರೈನೊಗೆ ಇದುವರೆಗೆ ಸ್ವಲ್ಪ ಆಸೆಯಿತ್ತು, ಪೊಲೀಸು ಕಾಪಾಡಿಯಾನು ಎಂದು. ಪೊಲೀಸೇ ಅಳುವುದನ್ನು ಕಂಡು ಅದೂ ಹೋಯಿತು. ಹೋಗುವಾಗ ಆರ್ವಿಡ್ ಹಗ್ಗವನ್ನಷ್ಟೇ ಅಲ್ಲ, ಬಟ್ಟೆ ಒಣಹಾಕುವ ದಾರ, ತೋಟದ ನೀರಿನ ಪೈಪು, ಪರದೆಯ ಹಗ್ಗ, ರೈನೊನ ಮೂರು ಟೈ, ಒಂದು ಬೆಲ್ಟು, ಎಲ್ಲವನ್ನೂ ಜೀಪಿಗೆ ತುಂಬಿಕೊಂಡು ಹೋದ. ಗುರುವಾರವಿಡೀ ರೈನೊ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಓಡಾಡಿದ. ಕುಣಿಕೆಯ ಅಭ್ಯಾಸಕ್ಕೆ ಚಹಾ ಪೊಟ್ಟಣದ ದಾರವೊಂದೇ ಉಳಿಯಿತು. ಹನ್ನೊಂದು ಚಹಾ ಕುಡಿದು ಹನ್ನೊಂದು ಕುಣಿಕೆ ಹಾಕಿದ. ಹತ್ತು ಬಿಚ್ಚಿಕೊಂಡವು.

ಶುಕ್ರವಾರ ಪಾದ್ರಿಗಳು ಬಂದರು.

"ರೈನೊ, ಮನಸ್ಸಿನಲ್ಲಿ ಏನಾದ್ರೂ ಭಾರ ಇದ್ಯಾ?"

"ಇದೆ, ಪಾದ್ರಿಗಳೇ. ಆದ್ರೆ ಈಗ ಏನೂ ಮಾಡೋಕೆ ಆಗಲ್ಲ. ಮಾತು ಕೊಟ್ಟಾಗಿದೆ."

"ಯಾರಿಗಪ್ಪಾ ಮಾತು ಕೊಟ್ಟೆ?"

ಗಾರ್ತ್‌ನ ಹೆಸರು ಹೇಳಿದರೆ ಪಾದ್ರಿಗಳ ಮೇಲೂ ಆಪತ್ತು ಬಂದೀತೆಂದು ರೈನೊ ಹೆದರಿದ. "ನಮ್ಮೆಲ್ಲರಿಗಿಂತ ದೊಡ್ಡವನಿಗೆ" ಎಂದ.

ಪಾದ್ರಿಗಳು ಟೋಪಿಯನ್ನು ಕೈಯಲ್ಲಿ ಹಿಂಡಿದರು. "ನೋಯುತ್ತಾ ಅಂತ ಕೇಳ್ಬೇಕು ಅನ್ಸುತ್ತೆ" ಎಂದು ರೈನೊ ಮೆಲ್ಲಗೆ ಸೇರಿಸಿದ, "ಲೆಸ್ಟರ್‌ಗೆ ನೋವಾಯ್ತಾ, ನಿಮಗೇನಾದ್ರೂ ಗೊತ್ತಾ?" ಪಾದ್ರಿಗಳಿಗೆ ಲೆಸ್ಟರ್ ಈ ವಿಷಯದಲ್ಲಿ ಹೇಗೆ ಬಂದನೆಂದು ತಿಳಿಯಲಿಲ್ಲ. ಅವರು ಅವಸರವಾಗಿ ಪ್ರಾರ್ಥನೆ ಮಾಡಿ, ಹೊರಗೆ ಬಂದು ಗೋಡೆ ಹಿಡಿದುಕೊಂಡು ನಿಂತರು. ಐಲಿಯೂ ಆರ್ವಿಡನೂ ಸರದಿ ಮೇಲೆ ಕಾಯುವುದೆಂದು ತೀರ್ಮಾನವಾಯಿತು.

ಶನಿವಾರ ಬೆಳಿಗ್ಗೆ ಐಲಿ ಕಾಫಿಗೆ ನೀರಿಡಲು ಹೋದಾಗ, ಆರ್ವಿಡ್ ಸೋಫಾದ ಮೇಲೆ ಕೂತಲ್ಲೇ ಕಣ್ಣು ಮುಚ್ಚಿದಾಗ, ರೈನೊ ಹಿಂಬಾಗಿಲಿನಿಂದ ಹೊರಬಿದ್ದ. ಊಟದ ಮೇಜಿನ ಮೇಲೆ ಚೀಟಿ ಇತ್ತು. ಆ ಚೀಟಿಯನ್ನು ಆಮೇಲೆ ಊರಿಗೆ ಊರೇ ಓದಿದೆ, ಹಾಗಾಗಿ ಇಲ್ಲಿ ಬರೆಯುವುದರಲ್ಲಿ ತಪ್ಪಿಲ್ಲ:

"ಐಲಿ, ಸರೋವರಕ್ಕೆ ಹೋಗ್ತಿದ್ದೀನಿ. ವಾಪಸ್ ಬರದೇ ಹೋದ್ರೆ ಕಚೇರಿಯ ಬೀಗದ ಕೈ ನನ್ನ ಕಂದು ಕೋಟಿನಲ್ಲಿದೆ. ಪೇಸ್ಟಿ ಕಳಿಸಬೇಡ ಅಂತ ಇಂಪಿಗೆ ಹೇಳು, ಇನ್ನು ಬೇಡ. ನೀನು ಹೇಳಿದ್ದೆಲ್ಲ ಸರಿಯಾಗಿತ್ತು. ನಿನ್ನನ್ನ ಮದುವೆಯಾದಾಗ ಮಾತ್ರ ನನಗೆ ಭಯ ಆಗಿರ್ಲಿಲ್ಲ."

ಐಲಿಯ ಕೂಗಿಗೆ ಬೀದಿಯೇ ಎದ್ದಿತು. ಹತ್ತು ನಿಮಿಷದಲ್ಲಿ ಟಾಮರಾಕಿನ ತೇಲುವ ವಸ್ತುಗಳೆಲ್ಲ ನೀರಿಗಿಳಿದವು. ಮೋಟಾರು ದೋಣಿ, ಹುಟ್ಟುದೋಣಿ, ಯಾರದೋ ರಬ್ಬರು ದೋಣಿ, ಒಟ್ಟು ಹದಿನೆಂಟು. ನಾನು ಪಾದ್ರಿಗಳ ದೋಣಿಯಲ್ಲಿದ್ದೆ. ಮುಂದೆ ಇಂಪಿ ಕಂಬಳಿ ಹೊದ್ದು, ಬಿಸಿ ಪೇಸ್ಟಿ ಹಿಡಿದುಕೊಂಡು ಕೂತಿದ್ದಳು.

ಇತ್ತ ಸರೋವರದ ನಡುವೆ, ಜೊಂಡಿನ ಪಕ್ಕ, ಗಾರ್ತ್ ಮೋಟಾರು ನಿಲ್ಲಿಸಿದ. ಅಲ್ಲಿ ನಡೆದದ್ದನ್ನು ರೈನೊ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಗುಟ್ಟು ಗುಟ್ಟಾಗಿ ಉಳಿಯುವ ಅಗತ್ಯ ಮುಗಿದ ಮೇಲೆ ನನ್ನ ಕುರ್ಚಿಯಲ್ಲಿ ಕೂತು ಹೇಳಿದ.

ಗಾರ್ತ್ ಹುಸಿಮೀನನ್ನೂ ದಪ್ಪ ನೈಲಾನ್ ದಾರವನ್ನೂ ಅವನ ಮುಂದೆ ಇಟ್ಟ. ಅಲೆ ದೋಣಿಯ ಹೊಟ್ಟೆಗೆ ತಟ್ಟುವ ಸದ್ದು ಮಾತ್ರ. ರೈನೊ ಸಡಿಲ ಗಂಟು ಹಾಕಿದ. ಉಂಗುರ ತಪ್ಪಿತು, ಮತ್ತೆ ಪೋಣಿಸಿದ. ದಪ್ಪ ದಾರ, ಮೂರು ಸುತ್ತು. ಯಾವ ಬದಿಯಿಂದ ಆಚೆ ಬಂದಿತ್ತು? ಎರಡೂ ಬದಿ ಒಂದೇ ಥರ ಕಂಡವು. ಬಿಚ್ಚಿ ಮೊದಲಿಂದ ಶುರುಮಾಡಿದ. ನಾಲ್ಕನೇ ಸಲಕ್ಕೆ ಎಲ್ಲ ಸರಿಬಂತು. ಎಂಜಲು ಹಚ್ಚಬೇಕು, ಬಾಯಲ್ಲಿ ಒಂದು ಹನಿ ಇಲ್ಲ.

"ನೀರಲ್ಲಿ ಅದ್ದು" ಎಂದ ಗಾರ್ತ್. ಅದ್ದಿದ, ಎಳೆದ. ಕುಣಿಕೆ ಬಟಾಣಿಯಷ್ಟಕ್ಕೆ ನಿಂತಿತು.

"ನೋಡಿ" ಎಂದು ಮುಂದೆ ಚಾಚಿದ.

ಗಾರ್ತ್ ನೋಡಲಿಲ್ಲ. ಕಣ್ಣಿಗೆ ಹತ್ತಿರ ತಂದ, ದೂರ ಹಿಡಿದ. ಕೊನೆಗೆ ಬೆರಳಿನಿಂದ ಮುಟ್ಟಿ ನೋಡಿದ, ಕುರುಡರು ಮುಖ ಮುಟ್ಟಿ ನೋಡುವ ಹಾಗೆ.

"ನನಗೆ ಕಾಣಲ್ಲ" ಎಂದ.

"ಏನು?"

"ಹತ್ತಿರದ್ದು ಯಾವುದೂ ಕಾಣಲ್ಲ. ಎರಡು ವರ್ಷ ಆಯ್ತು. ಮಂಜು ಮುಸುಕಿದ ಹಾಗೆ. ಹೋದ ವರ್ಷ ಬಿಚ್ಕೊಂಡಿದ್ದು ನಾನೇ ಕಟ್ಟಿದ ಗಂಟು. ಲೆಸ್ಟರ್ ಕಟ್ಟಿದ್ದು ಅಂತ ಹೇಳ್ದೆ. ಪಾಪ, ಅವನು ಒಪ್ಕೊಂಡ, ಮರುದಿನ ಅದಿರಿನ ಹಡಗಿನಲ್ಲಿ ಅಡುಗೆ ಕೆಲಸ ಸಿಕ್ತು, ಹೊರಟ. ಸರಕು ಇಳಿಸಿದಾಗೆಲ್ಲ ಕಾಗದ ಬರೀತಾನೆ. ನನಗೆ ಓದೋಕೆ ಆಗಲ್ಲ." ಗಾರ್ತ್ ನೀರಿನ ಕಡೆ ನೋಡಿದ. "ಗೊತ್ತಾದ್ರೆ ಗರಗಸದ ಹತ್ತಿರ ಯಾರು ಬಿಡ್ತಾರೆ ನನ್ನ? ವೈದ್ಯರ ಹತ್ತಿರ ಹೋಗೋಕೆ ಭಯ."

ರೈನೊನ ಜೀವನದಲ್ಲಿ ಮೊದಲ ಬಾರಿಗೆ ಬೇರೊಬ್ಬರ ಬಾಯಿಂದ ಭಯ ಎಂಬ ಮಾತು ಬಂದಿತ್ತು. ಗಾರ್ತ್ ಎದ್ದು ಹುಸಿಮೀನನ್ನು ಜೊಂಡಿನ ಅಂಚಿಗೆ ಎಸೆದ. ಎಳೆಯತೊಡಗಿದ. ಸಡಿಲ ಕುಣಿಕೆಯಲ್ಲಿ ಹುಸಿಮೀನು ಎಡಕ್ಕೂ ಬಲಕ್ಕೂ ತಲೆ ಆಡಿಸುತ್ತಾ, ಗಾಯಗೊಂಡ ನಿಜವಾದ ಮೀನಿನಂತೆ ತೂರಾಡುತ್ತಾ ಬಂತು. ಅದರ ಹಿಂದೆ ಮರದ ದಿಮ್ಮಿಯಂಥ ಒಂದು ನೆರಳು ಎದ್ದಿತು.

ನೀರು ಸಿಡಿಯಿತು. ಗಾಳದ ಕೋಲು ಬಿಲ್ಲಿನಂತೆ ಬಾಗಿತು. ಗಾರ್ತ್ ಗರ್ಜಿಸಿದ.

ಅದೇ ಗಳಿಗೆಗೆ ನಾವು ಹದಿನೆಂಟು ದೋಣಿಗಳು ತಿರುವು ದಾಟಿ ಬಂದೆವು. ದೂರದಿಂದ ನಮಗೆ ಕಂಡದ್ದು, ದೋಣಿಯಲ್ಲಿ ರೈನೊ, ಅವನ ಪಕ್ಕ ಕೂಗಾಡುತ್ತಿರುವ ಗಾರ್ತ್. ಆರ್ವಿಡ್ ಪೊಲೀಸು ಮೈಕು ಬಾಯಿಗೆ ಹಿಡಿದ.

"ಭಾವಾ! ದುಡುಕಬೇಡ! ಬದುಕೋದಕ್ಕೆ ಬೇಕಾದಷ್ಟಿದೆ! ಅಕ್ಕ ಅಳ್ತಾ ಇದ್ದಾಳೆ! ನಿನ್ನ ಬೆಲ್ಟು ವಾಪಸ್ ಕೊಡ್ತೀನಿ!"

ರೈನೊ ಗಾಬರಿಯಿಂದ ಎದ್ದು ನಿಂತ. ಎದ್ದು ನಿಲ್ಲಬಾರದಿತ್ತು. ಬೆಲ್ಟಿಲ್ಲದ ಪ್ಯಾಂಟು ಮೊಣಕಾಲಿಗೆ ಇಳಿಯಿತು, ಕಾಲು ತೊಡರಿತು, ತಲೆಕೆಳಗಾಗಿ ಹರ್ಮನ್ ಸರೋವರಕ್ಕೆ ಬಿದ್ದ.

ಐಲಿ ಕಿರುಚಿದಳು. ಹದಿನೆಂಟು ದೋಣಿಗಳೂ ಕಿರುಚಿದವು. ಗಾರ್ತ್‌ನ ಕೈಯಲ್ಲಿ ಜೀವಮಾನದ ಮೀನು. ಅವನು ಕೋಲನ್ನು ಕೈಬಿಟ್ಟ. ಒಂದು ಕ್ಷಣವೂ ತಡಮಾಡದೆ ಬಿಟ್ಟ, ನಾನು ನನ್ನ ಕಣ್ಣಾರೆ ಕಂಡೆ. ದೋಣಿಯಂಚಿಗೆ ಬಗ್ಗಿ, ನೀರಿನೊಳಗೆ ಕೈ ಹಾಕಿ ತಡಕಾಡಿ, ರೈನೊನ ಕಾಲರು ಸಿಕ್ಕಿದ ಕೂಡಲೆ ಒದ್ದೆ ನಾಯಿಮರಿಯನ್ನು ಎತ್ತುವಂತೆ ಮೇಲಕ್ಕೆತ್ತಿದ.

"ಯಾರ್ರೀ ಇವನನ್ನ ಹೆದರಿಸಿದ್ದು?" ಎಂದು ಅಬ್ಬರಿಸಿದ.

"ನೀವೇ ಅಲ್ವಾ?" ಎಂದಳು ಇಂಪಿ.

"ಅವನು ಪ್ರಾಣ ಕಳ್ಕೊಳ್ಳೋಕೆ ಹೊರಟಿದ್ದ!" ಎಂದ ಆರ್ವಿಡ್, ಮೈಕಿನಲ್ಲೇ.

"ನಾನಾ?" ಎಂದ ರೈನೊ, ಬಾಯಿಂದ ನೀರು ಉಗುಳುತ್ತಾ. "ನನ್ನ ಪ್ರಾಣಾನ ಇವರು ತೆಗೀತಾರೆ ಅಂತ ನೀವೆಲ್ಲ ಅಲ್ವಾ ಅಳ್ತಾ ಇದ್ದಿದ್ದು?"

"ಗ್ಯಾರೇಜಲ್ಲಿ ಕುಣಿಕೆ ಹಾಕ್ತಿದ್ಯಲ್ಲೋ!" ಎಂದು ಇಂಪಿ ಕೂಗಿದಳು.

"ಮೀನಿಗೆ! ಮೀನಿಗೆ ಕಣ್ರೀ!"

ಅಷ್ಟರಲ್ಲಿ ಗಾರ್ತ್ ಕೈಬಿಟ್ಟ ಕೋಲು ಕಾರ್ಕಿನ ಹಿಡಿ ಮೇಲೆ ಮಾಡಿಕೊಂಡು ನಮ್ಮ ದೋಣಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಪಾದ್ರಿಗಳು ಅಭ್ಯಾಸಬಲದಿಂದ ಅದನ್ನು ಹಿಡಿದುಬಿಟ್ಟಿದ್ದರು. "ಅಯ್ಯಯ್ಯೋ, ಇದು ಎಳೀತಾ ಇದೆ!" ಎಂದು ಕೂಗಿಕೊಂಡರು. ಮೀನು ಇನ್ನೂ ಇತ್ತು. ನಮ್ಮ ಮೂವರನ್ನೂ, ಪೇಸ್ಟಿಯನ್ನೂ ಎಳೆದುಕೊಂಡು ಸರೋವರಕ್ಕೆ ಅರ್ಧ ಸುತ್ತು ಹಾಕಿ, ಸುಸ್ತಾಗಿ, ಗಾರ್ತ್‌ನ ದೋಣಿಯ ಪಕ್ಕಕ್ಕೇ ಬಂದು ಮಲಗಿತು. ಐದು ಅಡಿಗೆ ನಾಲ್ಕು ಬೆರಳು ಕಡಿಮೆ. ಅದರ ದವಡೆಯ ಅಂಚಿನಲ್ಲಿ ಹುಸಿಮೀನು, ಹುಸಿಮೀನಿನ ಮೂಗಿನಲ್ಲಿ ಕುಣಿಕೆ, ಗುಂಡಗೆ, ಅಲ್ಲಾಡದೆ ಕೂತಿತ್ತು. ಹ್ಯೂಗೊ ತಾತ ರಬ್ಬರು ದೋಣಿಯಲ್ಲಿ ಎದ್ದು ಕೂತು ನೋಡಿ ಟೋಪಿ ತೆಗೆದ.

ಈಗ ಕೊಕ್ಕೆ ತೆಗೆದು ಮೀನನ್ನು ಬಿಡಬೇಕು. ಅಷ್ಟು ದೊಡ್ಡದನ್ನು ನಮ್ಮಲ್ಲಿ ಯಾರೂ ಕೊಲ್ಲುವುದಿಲ್ಲ. ಉದ್ದ ಮೂತಿಯ ಇಕ್ಕಳ ಗಾರ್ತ್‌ನ ಕೈಯಲ್ಲಿತ್ತು. ಹದಿನೆಂಟು ದೋಣಿಗಳ ಜನ ಅವನನ್ನೇ ನೋಡುತ್ತಿದ್ದರು. ಅವನು ಬಗ್ಗಿದ. ಇಕ್ಕಳ ಕೊಕ್ಕೆಯನ್ನು ತಪ್ಪಿ ಗಾಳಿಯನ್ನು ಹಿಡಿಯಿತು. ಮತ್ತೊಮ್ಮೆ ತಪ್ಪಿತು. "ಏನಾಯ್ತು ಗಾರ್ತ್?" ಎಂದು ಯಾರೋ ಕೇಳಿದರು. ಅವನ ಕುತ್ತಿಗೆಯಿಲ್ಲದ ತಲೆಯಿಂದ ಬೆವರಿಳಿಯುತ್ತಿತ್ತು.

ಒದ್ದೆಯಾಗಿ ನಡುಗುತ್ತಿದ್ದ ರೈನೊ ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಎದ್ದ.

"ಏನ್ರೀ ಇದು ಗಾರ್ತ್!" ಎಂದು ದೊಡ್ಡ ಗಂಟಲಲ್ಲಿ ಗದರಿದ. ಅವನಿಗೆ ಅಂಥ ಗಂಟಲಿದೆಯೆಂದು ನಮಗೆ ಗೊತ್ತಿರಲಿಲ್ಲ. "ಮೀನುಗಾರರಾಗಿ ಇಷ್ಟೂ ಗೊತ್ತಿಲ್ವಾ? ಕುಣಿಕೆ ಕಟ್ಟಿದವನೇ ಕೊಕ್ಕೆ ತೆಗೀಬೇಕು. ಅದು ನಿಯಮ. ಕೊಡಿ ಇಲ್ಲಿ!"

ಅಂಥ ನಿಯಮ ಭೂಮಿಯ ಮೇಲೆ ಎಲ್ಲೂ ಇಲ್ಲ. ಹ್ಯೂಗೊ ತಾತ ಹುಬ್ಬು ಮೇಲೇರಿಸಿದ, ಆದರೆ ಸುಮ್ಮನಿದ್ದ. ಗಾರ್ತ್ ಇಕ್ಕಳ ಕೊಟ್ಟ. ರೈನೊ ಆ ಬಾಯನ್ನು ನೋಡಿದ. ಮಸ್ಕಿಯ ಬಾಯಲ್ಲಿ ಹಲ್ಲುಗಳು ಬಾಚಣಿಗೆಯಂತೆ ಸಾಲುಸಾಲಾಗಿರುತ್ತವೆ, ನಾಯಿ ಅದರ ಮುಂದೆ ಏನೂ ಅಲ್ಲ. ಪ್ಯಾಂಟನ್ನು ಅದರ ಪಾಡಿಗೆ ಬಿಟ್ಟು, ಒಂದು ಕೈಯಲ್ಲಿ ಮೀನಿನ ದವಡೆ ಒತ್ತಿಹಿಡಿದು, ಇನ್ನೊಂದು ಕೈಯನ್ನು ಹಲ್ಲುಗಳ ನಡುವೆ ತೂರಿಸಿ, ಕೊಕ್ಕೆಯನ್ನು ತಿರುಗಿಸಿ ಕಿತ್ತ. ಮೀನು ಬಾಲ ಒಮ್ಮೆ ಬೀಸಿ ಅವನ ಮುಖಕ್ಕೆ ನೀರು ಚಿಮ್ಮಿಸಿ ಕೆಳಗಿಳಿದು ಹೋಯಿತು. ರೈನೊ ಅಲ್ಲೇ ಪ್ರಜ್ಞೆ ತಪ್ಪಿ ಗಾರ್ತ್‌ನ ಮೇಲೆ ಬಿದ್ದ.

ದಡದಲ್ಲಿ ಇಂಪಿ ಅವನಿಗೆ ಕಂಬಳಿ ಹೊದಿಸಿದಳು. ಐಲಿ ಮೊದಲು ಅಪ್ಪಿಕೊಂಡಳು, ಆಮೇಲೆ ಹೊಡೆದಳು, ಮತ್ತೆ ಅಪ್ಪಿಕೊಂಡಳು. "ಬಾಯಿ ಬಿಟ್ಟು ಹೇಳೋಕೆ ನಿನಗೇನಾಗಿತ್ತೋ!" "ನೀನೂ ಕೇಳ್ಲಿಲ್ವಲ್ಲ!" "ಕೇಳೋಕೆ ಭಯ ಆಯ್ತು ಕಣೋ!" ಆರ್ವಿಡ್ ಬೆಲ್ಟು ತಂದುಕೊಟ್ಟ. ಜನ ಒಬ್ಬೊಬ್ಬರಾಗಿ ಬಂದು ಅವನ ಬೆನ್ನು ತಟ್ಟಿ ಹೋದರು.

ಗಾರ್ತ್ ಸ್ವಲ್ಪ ದೂರದಲ್ಲಿ ದೋಣಿಯ ಹಗ್ಗ ಹಿಡಿದುಕೊಂಡು ಒಬ್ಬನೇ ನಿಂತಿದ್ದ. ಅವನ ಹೆಂಡತಿ ತೀರಿಕೊಂಡು ಆರು ವರ್ಷ.

"ಹದಿನೆಂಟು ದೋಣಿ" ಎಂದ ರೈನೊಗೆ. "ನಿನಗೋಸ್ಕರ. ನಾನು ಆಗಿದ್ರೆ ಎಷ್ಟು ಬರ್ತಿದ್ವು?"

ಐಲಿ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು. "ಇವತ್ತು ನಮ್ಮನೆಗೆ ಊಟಕ್ಕೆ ಬನ್ನಿ" ಎಂದಳು. "ಹಬೆಸ್ನಾನಕ್ಕೆ ಸೌನಾ ಬಿಸಿ ಮಾಡ್ತೀನಿ. ಇಲ್ಲ ಅನ್ನೋ ಹಾಗಿಲ್ಲ. ನನ್ನ ಗಂಡನನ್ನ ನೀರಿನಿಂದ ಎತ್ತಿದ್ದೀರ."

ಅಂದು ಮಧ್ಯಾಹ್ನ ಹಕಾಲರ ಅಡುಗೆಮನೆಯಲ್ಲಿ ಗಾರ್ತ್ ಟ್ರೆವಿಲ್ ಐದು ಪೇಸ್ಟಿ ತಿಂದ. ರೈನೊ ಎದುರಿಗೆ ಕೂತು, ಗಾರ್ತ್ ಮನೆಯಿಂದ ತಂದ ಲೆಸ್ಟರನ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಓದಿ ಹೇಳಿದ. ಹಡಗಿನ ಅಡುಗೆಯವನ ಬರಹ, ಹೆಚ್ಚಿನದೆಲ್ಲ ಈರುಳ್ಳಿಯ ವಿಷಯ. ಗಾರ್ತ್ ಒಂದೆರಡು ಕಡೆ ಜೋರಾಗಿಯೇ ನಕ್ಕನೆಂದು ಐಲಿ ಹೇಳುತ್ತಾಳೆ. ಮುಂದಿನ ವಾರ ಕಣ್ಣಿನ ವೈದ್ಯರ ಬಳಿಗೆ ರೈನೊನೇ ಜೊತೆಗೆ ಹೋಗುವುದೆಂದು ತೀರ್ಮಾನವಾಯಿತು. ವೈದ್ಯರೆಂದರೆ ಅವನಿಗೂ ಭಯವೇ, ಆದರೆ ಪರೀಕ್ಷೆ ಬೇರೆಯವನದು.

ಹೊರಡುವಾಗ ಗಾರ್ತ್ ಬಾಗಿಲಲ್ಲಿ ನಿಂತು, ಟೋಪಿ ಇಟ್ಟುಕೊಂಡು, ಆಜ್ಞೆಯಂತೆಯೇ ಹೇಳಿದ:

"ಮುಂದಿನ ಶನಿವಾರ. ಬೆಳಿಗ್ಗೆ ಐದು ಗಂಟೆಗೆ."

ರೈನೊಗೆ ಎಂದಿನಂತೆಯೇ ಭಯವಾಯಿತು. ಅವನು ಐಲಿಯ ಕಡೆ ನೋಡಿದ, ಆಮೇಲೆ ನೆಲ ನೋಡಿದ, ಆಮೇಲೆ ಎಷ್ಟೋ ಎತ್ತರದಲ್ಲಿದ್ದ ಆ ಮುಖವನ್ನು ನೋಡಿದ.

"ಎಂಟು ಗಂಟೆಗೆ" ಎಂದ.

ಗಾರ್ತ್ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ.

"ಎಂಟಕ್ಕೇ ಬರ್ತೀನಿ" ಎಂದು ಮೆಟ್ಟಿಲು ತಡವಿಕೊಂಡು ಇಳಿಯತೊಡಗಿದ. ರೈನೊ ಓಡಿಹೋಗಿ ಅವನ ಮೊಳಕೈ ಹಿಡಿದ.